ಭಾವನ ಮಂಗಳಕರ ಬ್ಲೂಸ್

ನಮ್ಮ ಭಾವ ಇಡೀ ಮಲೇಷ್ಯಾದಲ್ಲೇ ಅತ್ಯಂತ ಸುಖವಾಗಿರುವ ಬ್ಲೂಸ್ ಗಾಯಕ. ಇದನ್ನು ಹೊಗಳಿಕೆ ಎಂದುಕೊಂಡಿರೋ, ಕೆಟ್ಟಿರಿ! ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನ ಎದೆಯೊಳಗಿನ ಸಂಕಟವನ್ನು ಹಾಡಿ ಹಾಡಿಯೇ ಹಗುರಾದ ಸಂಗೀತ. ಸಂಕಟವೇ ಇಲ್ಲದೆ ಅದನ್ನು ಹಾಡುವುದೆಂದರೆ ಉಪ್ಪು, ಹುಳಿ, ಖಾರ ಮೂರನ್ನೂ ಬಿಟ್ಟು ಸಾರು ಮಾಡಿದಂತೆ. ಭಾವ ಇಪ್ಪತ್ತು ವರ್ಷಗಳಿಂದ ಆ ಸಾರನ್ನೇ ಬಡಿಸುತ್ತಿದ್ದಾರೆ.

ಸೈಬರ್‌ಜಯಾದ ಆಫೀಸಿನಿಂದ ಸುಬಾಂಗ್ ಜಯಾದ ಮನೆಗೆ ಬಂದವರೇ ಗಿಟಾರ್ ಎತ್ತಿಕೊಳ್ಳುತ್ತಾರೆ. ಡ್ರಮ್ಸ್‌ಗೆ ಕಾಲೇಜು ಓದುವ ಮಗಳು. ಮೌತ್ ಆರ್ಗನ್‌ಗೆ ಯಾರು ಗೊತ್ತೇ? ನಮ್ಮಕ್ಕ! ಪ್ರಾಣಾಯಾಮದಲ್ಲಿ ಗಳಿಸಿದ ಉಸಿರು ವ್ಯರ್ಥವಾಗಬಾರದೆಂದು ಭಾವನೇ ಕೊಡಿಸಿದ್ದು. ಅಕ್ಕ ಊದಲು ಶುರು ಮಾಡಿದರೆ ಕೆಳಗಿನ ಮನೆಯ ತಮಿಳು ಮಾಮಿಗೆ ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪುತ್ತದೆ. ಬಾಂಗ್ಸಾರ್‌ನ ಒಂದು ಕೆಫೆಯಲ್ಲಿ ಪ್ರತಿ ಶನಿವಾರ ಈ ಮೂವರೂ ನುಡಿಸಬೇಕು ಎಂಬುದೊಂದೇ ಭಾವನ ಜೀವಮಾನದ ಆಸೆ.

ತೊಡಕೆಲ್ಲ ಅಕ್ಕನದು. ಅಭ್ಯಾಸದ ಹೊತ್ತೂ ದೀಪ ಹಚ್ಚುವ ಹೊತ್ತೂ ಒಂದೇ. ಆಗ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಆಡಿದ್ದಕ್ಕೆಲ್ಲ 'ಅಸ್ತು' ಅಂದುಬಿಡುತ್ತಾರೆ ಎಂದು ಅವಳ ನಂಬಿಕೆ. "ಅವರಿಗೆ ಮಲೇಷ್ಯಾ ವೀಸಾ ಸಿಕ್ಕಿದೆಯೇನೇ?" ಎಂದು ಒಮ್ಮೆ ಕೇಳಿದ್ದೆ. ಅವತ್ತು ನನಗೆ ಕಾಫಿ ಸಿಗಲಿಲ್ಲ.

ಭಾವ ಕಣ್ಣು ಮುಚ್ಚಿ, "ಬೆಳಗೆದ್ದು ನೋಡಿದೆ, ಮನೆ ಬಿಟ್ಟು ಹೋದಳು..." ಎಂದು ಎಳೆದರೆ ಸಾಕು.

"ಯಾರ್ರೀ ಹೋದವಳು? ದೀಪ ಹಚ್ಚೋ ಹೊತ್ತಲ್ಲಿ ಅದೇನು ಮಾತು!"

ಹಾಡು ಅಲ್ಲೇ ತಿದ್ದುಪಡಿಯಾಗುತ್ತದೆ: "ಮನೆ ಬಿಟ್ಟು ಹೋದಳು, ತರಕಾರಿ ತಗೊಂಡು ಬಂದಳು..." ಅಕ್ಕಿ ಡಬ್ಬಿ ಖಾಲಿ ಎನ್ನುವಂತಿಲ್ಲ, 'ಹೆಚ್ಚಿದೆ' ಎನ್ನಬೇಕು. ಹೀಗಾಗಿ ಭಾವ ಅಕ್ಕಿ ಹೆಚ್ಚಿದೆ, ಬೇಳೆ ಹೆಚ್ಚಿದೆ, ಎಣ್ಣೆಯೂ ಹೆಚ್ಚಿದೆ ಎಂದು ಹಣೆ ಚಚ್ಚಿಕೊಂಡು ಗೋಳಾಡುತ್ತಾರೆ!

"ಅಪ್ಪಾ, ದಿಸ್ ಈಸ್ ನಾಟ್ ಬ್ಲೂಸ್. ದಿಸ್ ಈಸ್ ಗ್ರೋಸರಿ ಲಿಸ್ಟ್ ಲಾ!" ಎಂದು ಮಗಳು, ಮಲೇಷ್ಯಾದವರ ಆ 'ಲಾ' ಬಾಲವನ್ನೂ ಸೇರಿಸಿ, ಡ್ರಮ್ಸ್ ಹಿಂದಿನಿಂದ ಕೂಗುತ್ತಾಳೆ.

ಇಷ್ಟಾದರೂ ಬ್ಯಾಂಡಿಗೆ ಬೇಡಿಕೆ ಬಂತು. ಯಾರ ಗೃಹಪ್ರವೇಶಕ್ಕೆ? ಯಾರ ಸತ್ಯನಾರಾಯಣ ಪೂಜೆಗೆ? ಎಲ್ಲರದ್ದಕ್ಕೂ! ಜಗತ್ತಿನಲ್ಲಿ ಇನ್ನಾವ ಬ್ಲೂಸ್ ಬ್ಯಾಂಡಿಗೆ ಫಲತಾಂಬೂಲ ಕೊಟ್ಟು ಕಳಿಸುತ್ತಾರೆ ಹೇಳಿ?

ಕಳೆದ ತಿಂಗಳು ಕೊನೆಗೂ ಆ ಕೆಫೆಯವರು ಒಂದು ಸಂಜೆ ನುಡಿಸಿ ತೋರಿಸಿ ಎಂದು ಕರೆದರು. ಚಪ್ಪಾಳೆ ತಟ್ಟಲೆಂದು ನಾನೂ ಹೋದೆ. ಅಕ್ಕ ಊದಿದ್ದಕ್ಕೆ ಎರಡು ಮೇಜಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಗಿದ ಮೇಲೆ ಅಕ್ಕ, ಮಗಳು ಡ್ರಮ್ಸ್ ಹೊತ್ತು ಕಾರಿನ ಕಡೆ ಹೋದರು. ಮಾಲೀಕ ಭಾವನ ಬಳಿ ಬಂದ.

"ಅಂಕಲ್, ಮ್ಯೂಸಿಕ್ ಸೂಪರ್ ಲಾ. ಬಟ್ ಒನ್ ಸ್ಯಾಡ್ ಸಾಂಗ್. ಜಸ್ಟ್ ಒನ್. ದೆನ್ ಎವ್ರಿ ಸ್ಯಾಟರ್ಡೇ ಈಸ್ ಯುವರ್ಸ್!"

ಭಾವ ಗಿಟಾರನ್ನು ಚೀಲಕ್ಕೆ ಹಾಕುತ್ತ, "ಸಾರಿ, ವಿ ಡೋಂಟ್ ಹ್ಯಾವ್" ಎಂದರು. ಜೀವಮಾನದ ಆಸೆ ಒಂದೇ ಮಾತಿನಲ್ಲಿ ಮುಗಿಯಿತು!

ನನಗೆ ರೇಗಿಹೋಯಿತು. ಅಕ್ಕ ಮಗಳ ಜೊತೆ ಪಕ್ಕದ ಮಾಮಕ್ ಹೋಟೆಲಿಗೆ ರೊಟ್ಟಿ ತಪಾವ್ ಮಾಡಿಸಲು, ಅಂದರೆ ಕಟ್ಟಿಸಿಕೊಂಡು ಬರಲು, ಹೋಗಿದ್ದಳು. ಕಾರಿನ ಬಳಿ ನಾವಿಬ್ಬರೇ.

"ಒಂದು ಸುಳ್ಳು ಗೋಳು ಹಾಡೋಕೆ ಏನಾಗಿತ್ತು ಭಾವ? ಅಕ್ಕನ್ನ ನಾನು ಒಪ್ಪಿಸ್ತಿದ್ದೆ."

ಭಾವ ಗಿಟಾರನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.

"ಮಗಳಿಗಿಂತ ಮುಂಚೆ ಒಂದು ಮಗು ಹೊಟ್ಟೇಲೇ ಹೋಯ್ತಲ್ಲ, ನಿಂಗೊತ್ತು."

ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

"ಅದರ ಹಿಂದಿನ ದಿನ ಸಂಜೆ ನಾನು ಖಾಲಿ ತೊಟ್ಟಿಲಿನ ಮೇಲೆ ಒಂದು ಹಾಡು ಕಟ್ಟಿ ಹಾಡಿದ್ದೆ ಕಣಯ್ಯಾ. ಸುಮ್ನೆ, ಯಾರದೋ ಕತೆ ಅಂತ. ತುಂಬಾ ಚೆನ್ನಾಗಿದೆ, ಇನ್ನೊಂದ್ಸಲ ಹಾಡಿ ಅಂದ್ಲು ನಿಮ್ಮಕ್ಕ."

"ಅದಕ್ಕೂ ಇದಕ್ಕೂ ಏನು ಸಂಬಂಧ ಭಾವ?"

"ಏನೂ ಇಲ್ಲ. ಡಾಕ್ಟರೂ ಅದನ್ನೇ ಹೇಳಿದ್ರು. ಆದ್ರೆ ಅವಳು ನನ್ನನ್ನ ಒಂದು ದಿನಾನೂ ಬೈಲಿಲ್ಲ ಕಣೋ. ಇನ್ನೊಂದ್ಸಲ ಅಂತ ಕೇಳಿದ್ದು ತಾನು ಅಂತ ತನ್ನನ್ನೇ ಬೈಕೊಂಡ್ಲು. ಮನೇಲಿ ಒಂದು ಸಾಲು ಎಳೆಯೋದೂ ಅವಳು ತಡೀತಾಳೆ ಅಂತಲೇ. ಅವಳ ಮುಂದೆ ಇನ್ನು ಅಂಥದ್ದು ಪೂರ್ತಿ ಹೇಗೆ ಹಾಡ್ಲಿ?"

ಅಷ್ಟರಲ್ಲಿ ಅಕ್ಕ ಪೊಟ್ಟಣ ಹಿಡಿದು ಬಂದಳು. "ಏನಂದ್ರೀ ಅವರು?"

"ಜಾಗ ಚಿಕ್ಕದಂತೆ. ನಿನ್ನ ಮೌತ್ ಆರ್ಗನ್ ಸದ್ದಿಗೆ ಸಾಲಲ್ಲವಂತೆ."

"ಹಾಗಂದ್ರಾ!" ಅಕ್ಕನ ಮುಖ ಅರಳಿತು.

ಇಷ್ಟು ವರ್ಷ ಬರೀ ತಮಾಷೆ ಮಾಡಿಕೊಂಡೇ ಬಂದಿದ್ದಕ್ಕೆ ನಾಚಿಕೆಯಾಯಿತು. ಭಾವನ ಹೆಗಲಿನಿಂದ ಗಿಟಾರ್ ಇಳಿಸಿಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡೇ ಸುಬಾಂಗ್ ಜಯಾದವರೆಗೂ ಕೂತಿದ್ದೆ.