ಕರಾರು ಓದುವ ಕಂಪ್ಯೂಟರೂ ನನ್ನ ಕುರ್ಚಿಯೂ

ಕರಾರು ಪತ್ರ ಓದುವ ಕೆಲಸದಲ್ಲಿ ನಗುವಂಥದ್ದು ಏನೂ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಇರುತ್ತದೆ. ಓದುವವನು ನಗಬಾರದು, ಅಷ್ಟೇ. ಇಪ್ಪತ್ತಾರು ವರ್ಷ ನಗದೆ ಕೂತು ಓದಿದವನು ನಾನು. ಅದರಲ್ಲಿ ಮೂರು ತಿಂಗಳು ಮಾತ್ರ ಬಹಳ ಕಷ್ಟವಾಯಿತು.

ನಾಲ್ಕು ನಿಮಿಷ

ಹಾವೇರಿಯಲ್ಲಿ ನಮ್ಮದೊಂದು ಕಟ್ಟಡ ಕಂಪನಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜು, ರಾಣೆಬೆನ್ನೂರಿನಲ್ಲಿ ಬೀಜದ ಗೋದಾಮು, ಸುತ್ತಲಿನ ಊರುಗಳಲ್ಲಿ ಕಲ್ಯಾಣ ಮಂಟಪ, ಹೀಗೆ ಕಟ್ಟುವುದು ಕಂಪನಿಯ ಕೆಲಸ. ಕಟ್ಟುವ ಮೊದಲು ಇಂಗ್ಲಿಷಿನ ಕರಾರು ಪತ್ರ ಓದಿ, ಎಲ್ಲಿ ಸಹಿ ಹಾಕಬಹುದು, ಎಲ್ಲಿ ಹಾಕಿದರೆ ಕೈ ಸುಟ್ಟುಕೊಳ್ಳುತ್ತೇವೆ ಎಂದು ಹೇಳುವುದು ನನ್ನ ಕೆಲಸ.

ಎರಡು ಸಾವಿರದ ಐದರ ಆಸುಪಾಸಿನಲ್ಲಿ ನಮ್ಮ ಮಾಲಕರು ಹುಬ್ಬಳ್ಳಿಗೆ ಹೋಗಿ ಬಂದರು. ಬರುವಾಗ ಕೈಯಲ್ಲಿ ಒಂದು ಸಿ.ಡಿ. ಇತ್ತು.

"ಇದು ಕರಾರು ತಾನ ಓದತೈತ್ರಿ. ಎಲ್ಲಿ ಡೌಟ್ ಐತಿ ಅಲ್ಲಿ ಕೆಂಪ ಮಾಡತೈತಿ. ಎಲ್ಲಾ ಬರೋಬ್ಬರಿ ಇದ್ರ ಹಸಿರ."

"ಹಂಗಾರ ನಾ ಏನ್ ಮಾಡ್ಲಿರಿ?" ಎಂದೆ.

"ಮೂರು ತಿಂಗಳು ನೋಡೂಣು. ಅದು ಚಲೋ ಓದಿದ್ರ ನೀವು ಮನ್ಯಾಗ ಆರಾಮ ಇರಬಹುದು."

ಆರಾಮ ಎಂಬ ಮಾತು ಕೇಳಿ ಅಷ್ಟು ಹೆದರಿದ್ದು ನಾನು ಅದೇ ಮೊದಲು. ನನಗಾಗ ಐವತ್ತೆರಡು. ಆ ವಯಸ್ಸಿನಲ್ಲಿ ಮದುವೆಗೆ ಕರೆಯುತ್ತಾರೆ, ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಮನೆಯಲ್ಲಿ ಈ ವಿಷಯ ಹೇಳಲಿಲ್ಲ.

ಮರುದಿನವೇ ಕೆಲಸ ಶುರುವಾಯಿತು. ಕಂಪ್ಯೂಟರಿಗೆ ಕಾಗದ ಕಾಣುವುದಿಲ್ಲವಂತೆ, ಎಲ್ಲವನ್ನೂ ಟೈಪ್ ಮಾಡಿ ಒಳಗೆ ಹಾಕಬೇಕು. ನಮ್ಮ ಟೈಪಿಸ್ಟ್ ಹೆಣ್ಣುಮಗಳಿಗೆ, ನಾವೆಲ್ಲ ಬಾಯಿ ಎಂದು ಕರೆಯುವವರಿಗೆ, ಕಾಗದದ ಸಣ್ಣ ಅಕ್ಷರ ಕಾಣುವುದಿಲ್ಲ, ಯಾರಾದರೂ ಓದಿ ಹೇಳಬೇಕು. ಹೀಗಾಗಿ ನಾನು ಒಂದು ದಿನ ಗಟ್ಟಿಯಾಗಿ ಓದಿದೆ, ಅವರು ಎರಡು ದಿನ ಟೈಪ್ ಮಾಡಿದರು, ತಪ್ಪು ಬಿದ್ದಿದೆಯೇ ಎಂದು ನಾನು ಮತ್ತೊಂದು ದಿನ ಓದಿದೆ. ಆಮೇಲೆ ಕಂಪ್ಯೂಟರ್ ಓದಿತು. ನಾಲ್ಕೇ ನಿಮಿಷ.

ಮಾಲಕರು ಬಂದವರಿಗೆಲ್ಲ ಆ ನಾಲ್ಕು ನಿಮಿಷ ತೋರಿಸಿದರು. "ಮೊದಲ ಇದಕ್ಕ ಎರಡು ದಿನ ಹಿಡೀತಿತ್ರಿ" ಎಂದರು. ಖರೇ, ಮೊದಲು ಎರಡೇ ದಿನ ಹಿಡಿಯುತ್ತಿತ್ತು.

ಖಾಯಂ ಸಾಕ್ಷಿ

ನಮ್ಮ ಆಫೀಸಿನ ಎದುರಿಗೆ ಒಂದು ಚಹಾದಂಗಡಿ. ಅದರ ಮಾಲಕ ನಮ್ಮ ಕರಾರುಗಳಿಗೆಲ್ಲ ಖಾಯಂ ಸಾಕ್ಷಿ. ಸಹಿ ಆಗುವ ಹೊತ್ತಿಗೆ ಅವನು ಚಹಾ ತಂದಿರುತ್ತಾನೆ, ಬಂದವನು ಸಹಿಯನ್ನೂ ಹಾಕಿ ಹೋಗುತ್ತಾನೆ. ಖಾಲಿ ಕಪ್ ಒಯ್ಯಲು ಮತ್ತೆ ಬರುವುದು ತಪ್ಪುತ್ತದೆ.

ಹಳೆಯ ಕರಾರುಗಳನ್ನೂ ಒಳಗೆ ಹಾಕಿದ ದಿನ ಪರದೆಯ ತುಂಬ ಕೆಂಪು. ಎಲ್ಲಾ ಕರಾರಿಗೂ ಒಬ್ಬನೇ ಸಾಕ್ಷಿ, ಈ ವ್ಯಕ್ತಿಯ ಬಗ್ಗೆ ಎಚ್ಚರಿಕೆ ಇರಲಿ ಎಂದು ಅವನ ಹೆಸರಿನ ಮುಂದೆ ದೊಡ್ಡದಾಗಿ 'ಹೈ ರಿಸ್ಕ್' ಎಂದು ಇಂಗ್ಲಿಷಿನಲ್ಲಿ ಬಂತು. ಮಾಲಕರು ಗಾಬರಿಯಾಗಿ ಅವನನ್ನು ಕರೆಸಿದರು.

"ಸಾಕ್ಷಿ ನಮ್ಮ ಕರಾರಿಗಷ್ಟ ಹಾಕೀಯೋ, ಬ್ಯಾರೆ ಕಂಪನಿಗೂ ಹಾಕೀಯೋ?"

"ಯಾರ್ ಚಾ ಕುಡೀತಾರ ಅವರಿಗೆಲ್ಲಾ ಹಾಕೇನ್ರಿ. ನಾ ಸಹಿ ಹಾಕಿದ್ದು ಒಂದೂ ಕೋರ್ಟಿಗೆ ಹೋಗಿಲ್ಲ. ನನ್ನ ಕೈಗುಣ ಚಲೋ ಐತಿ ಅಂತಾರ."

ಅವನಿಗೆ ಮಾತ್ರ ಬಹಳ ಸಂತೋಷವಾಗಿತ್ತು. ತನ್ನ ಹೆಸರು ಕಂಪ್ಯೂಟರಿನಲ್ಲಿ, ಅದೂ ಬಣ್ಣದಲ್ಲಿ ಬಂದಿದೆ. "ಅದರದೊಂದು ಕಾಪಿ ತಗದು ಕೊಡ್ರಿ" ಎಂದು ಟೈಪಿಸ್ಟ್ ಬಾಯಿಗೆ ಗಂಟುಬಿದ್ದು ಪ್ರಿಂಟ್ ಒಯ್ದ. ಮರುವಾರ ನೋಡಿದರೆ ಅಂಗಡಿಯಲ್ಲಿ ದೇವರ ಫೋಟೋದ ಪಕ್ಕಕ್ಕೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ. ಅವನ ಹೆಸರು, ಮುಂದೆ ಕೆಂಪಕ್ಷರದಲ್ಲಿ ಹೈ ರಿಸ್ಕ್. ಅದರ ಕೆಳಗೆ ಕೂತು ಜನ ಬಜಿ ತಿನ್ನುತ್ತಿದ್ದರು.

ಅಮಾಸಿ

ಕೈಮೀರಿದ ಕಾರಣಕ್ಕೆ ಕೆಲಸ ನಿಂತರೆ ಕಂಪನಿ ಜವಾಬ್ದಾರಿ ಅಲ್ಲ ಎಂಬ ಕಲಮು ಪ್ರತಿ ಕರಾರಿನಲ್ಲೂ ಇರಲೇಬೇಕೆಂದು ಕಂಪ್ಯೂಟರ್ ಹಟ ಹಿಡಿಯಿತು. ಭೂಕಂಪ, ಪ್ರವಾಹ, ಯುದ್ಧ, ದಂಗೆ ಎಂದು ಪಟ್ಟಿಯನ್ನೂ ತಾನೇ ಕೊಟ್ಟಿತು.

ಮಾಲಕರು ಪಟ್ಟಿ ನೋಡಿ, "ಬ್ಯಾಡಗ್ಯಾಗ ಯುದ್ಧ ಎಲ್ಲಿ ಆಗತೈತ್ರಿ? ನಮ್ಮ ಕೆಲಸ ಖರೇ ಯಾವುದಕ್ಕ ನಿಂದರತೈತಿ ಹೇಳ್ರಿ" ಎಂದರು.

"ಅಮಾಸಿಗೆ" ಎಂದೆ. ನಮ್ಮ ಗೌಂಡಿಗಳು, ಅಂದರೆ ಗೋಡೆ ಕಟ್ಟುವವರು, ಅಮಾವಾಸ್ಯೆಯ ದಿನ ಕರಣೆ ಮುಟ್ಟುವುದಿಲ್ಲ.

"ಅದನ್ನ ಹಾಕ್ರಿ ಮತ್ತ."

ಹಾಕಿದೆವು. ಭೂಕಂಪ, ಪ್ರವಾಹ, ಯುದ್ಧ, ದಂಗೆ, ಅಮಾವಾಸ್ಯೆ. ಕಂಪ್ಯೂಟರ್ ಹಸಿರು ಕೊಟ್ಟಿತು. ಆ ಕರಾರು ಕೋಲ್ಡ್ ಸ್ಟೋರೇಜಿಗೆ ಯಂತ್ರ ಕೊಡುವ ಕಂಪನಿಗೆ ಹೋಯಿತು. ಅದರ ಮುಖ್ಯ ಕಚೇರಿ ಹೊರದೇಶದಲ್ಲಿ. ಅಲ್ಲಿನ ವಕೀಲರು ಕೇಳಿ ಬರೆದರು: ಅಮಾವಾಸ್ಯೆ ಎಂದರೇನು? ಅದರಿಂದ ಯಾವ ಬಗೆಯ ಹಾನಿ ಆಗುತ್ತದೆ? ಮುನ್ಸೂಚನೆ ಸಿಗುತ್ತದೆಯೇ?

ನಾನು ಉತ್ತರ ಬರೆದೆ. ಹಾನಿ ಏನೂ ಇಲ್ಲ, ಗೌಂಡಿ ಬರುವುದಿಲ್ಲ, ಅಷ್ಟೇ. ತಿಂಗಳಿಗೊಮ್ಮೆ ಆಗುತ್ತದೆ. ಮುನ್ಸೂಚನೆ ಯುಗಾದಿಗೇ ಪಂಚಾಂಗದಲ್ಲಿ ಸಿಗುತ್ತದೆ.

ಅವರ ಪತ್ರ ಮತ್ತೆ ಬಂತು. ಒಂದು ವರ್ಷ ಮೊದಲೇ ಗೊತ್ತಿರುವ ಈ ಘಟನೆಯನ್ನು ತಡೆಯಲು ನಿಮ್ಮ ಕಂಪನಿ ಈವರೆಗೆ ಏನು ಕ್ರಮ ಕೈಗೊಂಡಿದೆ?

ಮಾಲಕರು ಹಿರಿಯ ಗೌಂಡಿಯನ್ನು ಕರೆಸಿ ವಿಷಯವನ್ನು ಅವನ ಮುಂದಿಟ್ಟರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ತಡೀಬಹುದ್ರಿ ಮಾಲಕ್ರ. ಅವತ್ತ ಪಗಾರ ಡಬಲ್ ಕೊಟ್ರ ನಾವು ಹುಣ್ಣಿಮಿ ಅಂತ ತಿಳಕೋತೇವಿ."

ಪೆನ್ಸಿಲ್ಲಿನ ಮಾತು

ಎರಡನೇ ತಿಂಗಳು ಕಂಪ್ಯೂಟರ್ ಹಸಿರು ಕೊಟ್ಟ ಒಂದು ಕೆಲಸ ಕೆಟ್ಟಿತು. ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಜಾಗ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಆ ದಿನ ಆ ರಸ್ತೆಯಲ್ಲಿ ಲಾರಿಯ ಮಾತು ಹಾಗಿರಲಿ, ಸೀನದೆ ಮನುಷ್ಯನೂ ಹೋಗಲಾರ. ನಮ್ಮ ಸಿಮೆಂಟ್ ಲಾರಿ ಗುರುವಾರವೇ ಹೋಗಿ, ಚೀಲಗಳ ಸಾಲಿನ ನಡುವೆ ಸಂಜೆತನಕ ನಿಂತಿತು. ಡ್ರೈವರ್ ಕೆಮ್ಮುತ್ತಲೇ ಫೋನ್ ಮಾಡಿ ಮಾಲಕರನ್ನು ಬೈದ.

"ಇದನ್ನ ನೀವು ಯಾಕ ಹೇಳಲಿಲ್ಲ?" ಎಂದು ಮಾಲಕರು ನನ್ನ ಮೇಲೆ ಬಂದರು.

"ಅಂಚಿನ್ಯಾಗ ಪೆನ್ಸಿಲ್‌ಲೆ ಬರದೇನ್ರಿ. ಪೆನ್ಸಿಲ್ಲಿಂದು ಟೈಪ್ ಮಾಡಂಗಿಲ್ಲಲ್ರಿ."

ನನ್ನ ಪದ್ಧತಿಯೇ ಅದು. ಕರಾರು ಓದುತ್ತಾ ಅಂಚಿನಲ್ಲಿ ನನಗೆ ತೋಚಿದ್ದನ್ನು ಪೆನ್ಸಿಲ್ಲಿನಿಂದ ಬರೆದಿಡುತ್ತೇನೆ. ಎದುರಿಗೆ ಕೂತ ಪಾರ್ಟಿಯವರು ಇಣುಕಿದರೂ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಬರೆಯುತ್ತೇನೆ.

"ಇವತ್ತಿನಿಂದ ಪೆನ್ಸಿಲ್ಲಿಂದೂ ಟೈಪ್ ಆಗಬೇಕು" ಎಂದು ಆರ್ಡರ್ ಆಯಿತು. ಅದೇ ವಾರ ನಾನು ಜ್ವರ ಬಂದು ಮೂರು ದಿನ ಮನೆಯಲ್ಲಿದ್ದೆ. ಓದಿ ಹೇಳಲು ಯಾರೂ ಇಲ್ಲದ್ದರಿಂದ ಟೈಪಿಸ್ಟ್ ಬಾಯಿ ಹೊಸ ಕನ್ನಡಕ ಏರಿಸಿಕೊಂಡು, ಆರ್ಡರಿನಂತೆ, ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯ ಕರಾರನ್ನು ಪೆನ್ಸಿಲ್ಲಿನ ಸಮೇತ ಟೈಪ್ ಮಾಡಿದರು. ನನ್ನ ಪೆನ್ಸಿಲ್ಲಿನ ಮಾತು ಒಂಬತ್ತನೆಯ ಕಲಮಾಗಿ ಬಂತು, ಅದರ ಕನ್ನಡ ಅರ್ಥ ಹೀಗೆ: 'ಎರಡನೇ ಪಕ್ಷದವರು ಕೊಟ್ಟ ಮಾತಿಗೆ ನಿಲ್ಲುವವರಲ್ಲ. ಇವರ ತಮ್ಮ ಒಳ್ಳೆಯವನು, ಏನಿದ್ದರೂ ಅವನ ಹತ್ತಿರ ಮಾತಾಡುವುದು.' ಕಂಪ್ಯೂಟರ್ ಹಸಿರು ಕೊಟ್ಟಿತು. ಮಾಲಕರು ಸಹಿ ಹಾಕಿದರು. ವ್ಯಾಪಾರಿ ಪ್ರತಿ ಪುಟಕ್ಕೂ ಸಹಿ ಹಾಕಿದ. ಚಹಾದವನು ಸಾಕ್ಷಿ ಹಾಕಿದ.

ಹದಿನೈದು ದಿನ ಬಿಟ್ಟು ವ್ಯಾಪಾರಿ ಕರಾರು ಹಿಡಿದುಕೊಂಡು ಬಂದ. ಕಾಲೇಜಿಗೆ ಹೋಗುವ ಮಗಳು ಓದಿ ಅರ್ಥ ಹೇಳಿದ್ದಳಂತೆ. ನಾನು ಕುರ್ಚಿಯಿಂದ ಎದ್ದು ನಿಂತೆ. ಈ ಮೂರು ತಿಂಗಳು ಮುಗಿಯುವ ಮೊದಲೇ ಮನೆಗೆ ಹೋಗುವುದು ಖಾತ್ರಿ ಎಂದುಕೊಂಡೆ.

"ಈ ಒಂಬತ್ತನೇದು ಯಾರ್ ಬರದಾರ್ರಿ?"

"ನಾನರಿ. ತಪ್ಪಾತು."

"ನನ್ನ ಬಗ್ಗೆ ಬರದದ್ದು ಇರ್ಲಿ ಬಿಡ್ರಿ. ನನ್ನ ತಮ್ಮ ಒಳ್ಳೇಂವ ಅಂತ ಬರದೀರಲ್ಲ, ಅದನ್ನ ಮೊದಲ ತಗೀರಿ!"

ಅಪಾಯದ ಕಾಗದ

ಮೂರು ತಿಂಗಳು ತುಂಬಿದ ದಿನ ಮಾಲಕರು ಒಳಗೆ ಕರೆದರು. ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಪೇಪರ್ ವೇಟನ್ನು ಅತ್ತಿತ್ತ ಸರಿಸಿದರು. ಅವರು ಕೆಟ್ಟವರಲ್ಲ. ಸಿ.ಡಿ.ಗೆ ದುಡ್ಡು ಹಾಕಿದ್ದಾರೆ, ಅದು ಕೆಲಸ ಮಾಡುತ್ತದೆ ಎಂದು ಊರೆಲ್ಲ ಹೇಳಿದ್ದಾರೆ. ಈಗ ನಾನೂ ಇದ್ದರೆ ಅವರಿಗೆ ಮುಖವಿಲ್ಲ.

"ನಿಯಮದ ಪ್ರಕಾರ ಮಾಡೂಣ್ರಿ" ಎಂದರು. "ನಿಮ್ಮ ನೇಮಕದ ಕಾಗದ ಇದ್ರ ತರ್ರಿ. ನಿಮ್ಮನ್ನ ಬಿಡಸಬೇಕಾದ್ರ ಹೆಂಗ ಬಿಡಸಬೇಕು, ಕಂಪ್ಯೂಟರ್ ಹೇಳತೈತಿ. ನಾ ಹೇಳೂದು ಬ್ಯಾಡ."

ನನಗೆ ದುಃಖವಾಯಿತು, ಸುಳ್ಳೇಕೆ ಹೇಳಲಿ. ಮನೆಗೆ ಹೋಗಿ ಟ್ರಂಕಿನಿಂದ ಕಾಗದ ತಂದೆ. ಮಾಲಕರ ತೀರಿಹೋದ ತಂದೆ, ಅಂದರೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಹಿರಿಯ ಮಾಲಕರು, ಒಂದು ಮದುವೆ ಕಾರ್ಡಿನ ಹಿಂದೆ ಬರೆದುಕೊಟ್ಟಿದ್ದರು: 'ಇವರು ಕಾಗದ ಚೆನ್ನಾಗಿ ಓದುತ್ತಾರೆ. ನಾಳೆಯಿಂದ ಬರುತ್ತಾರೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿಬರಬಹುದು.' ಕೆಳಗೆ ಸಹಿ.

ಕಂಪ್ಯೂಟರಿಗೆ ಕನ್ನಡ ಬಾರದು. ಇಂಗ್ಲಿಷಿಗೆ ಮಾಡಿದವನೂ ನಾನೇ. ಹೆಚ್ಚಿಗೆ ಒಂದು ಮಾತನ್ನೂ ಸೇರಿಸಲಿಲ್ಲ. ನನ್ನನ್ನು ಮನೆಗೆ ಕಳಿಸುವ ಕೆಲಸವಾದರೂ ಕೆಲಸ ಕೆಲಸವೇ. ಟೈಪಿಸ್ಟ್ ಬಾಯಿ ಕಣ್ಣೊರೆಸಿಕೊಳ್ಳುತ್ತಾ ಟೈಪ್ ಮಾಡಿದರು.

ಮೂರು ವಾಕ್ಯಕ್ಕೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಕೆಂಪು. ಮಾಲಕರು ಬೆರಳಿಟ್ಟು ಓದಿದರು. ಮುಗಿಯುವ ತಾರೀಖು ಇಲ್ಲ. ಬಿಡಿಸುವ ಕಲಮು ಇಲ್ಲ. ನೋಟಿಸಿನ ಮಾತಿಲ್ಲ. ಈ ಕರಾರು ಮೊದಲ ಪಕ್ಷಕ್ಕೆ ಬಹಳ ಅಪಾಯಕಾರಿ. ಎರಡನೇ ಪಕ್ಷ ಒಪ್ಪದೆ ಇದನ್ನು ಮುಗಿಸಲು ಹೋಗಬೇಡಿ. ಮುಂದೆ ಹೆಜ್ಜೆ ಇಡುವ ಮೊದಲು, ಕರಾರು ಓದುವುದರಲ್ಲಿ ಅನುಭವ ಇರುವವರ ಸಲಹೆ ಪಡೆಯಿರಿ.

ಮಾಲಕರು ಇನ್ನೊಮ್ಮೆ ಓದಿದರು. ಪರದೆ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಹಾವೇರಿಯಲ್ಲಿ ಕರಾರು ಓದುವ ಅನುಭವ ಇರುವವರು ನನ್ನನ್ನು ಬಿಟ್ಟು ಇನ್ಯಾರೂ ಅವರಿಗೆ ಗೊತ್ತಿರಲಿಲ್ಲ. ಮದುವೆ ಕಾರ್ಡನ್ನು ಎರಡೂ ಕೈಯಿಂದ ನನ್ನ ಕಡೆಗೆ ಚಾಚಿದರು.

"ಭಾಳ ತೊಡಕಿನ ಕಾಗದ ಐತಿ ಅನಸತೈತ್ರಿ. ನೀವ ಸ್ವಲ್ಪ ಓದಿ, ಏನ್ ಮಾಡಬೇಕು ಹೇಳ್ರಿ."

ನಾನು ಕನ್ನಡಕ ಹಾಕಿಕೊಂಡು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಇದಕ್ಕ ಟೈಮ್ ಹಿಡೀತೈತ್ರಿ" ಎಂದೆ.

"ತಗೋರಿ, ತಗೋರಿ. ಅವಸರ ಮಾಡಬ್ಯಾಡ್ರಿ."

ಅದಾಗಿ ನಾಲ್ಕು ವರ್ಷವಾಯಿತು. ದಿನಾಲು ಆಫೀಸಿಗೆ ಹೋಗಿ ಆ ಕಾರ್ಡನ್ನು ಇನ್ನೂ ಓದುತ್ತಿದ್ದೇನೆ.