ಹಾಡುಗಾರರ ಉಸಿರು ಕೇಳಿಸುವ ಡಬ್ಬಿ

ಭಾನುವಾರ ಬೆಳಿಗ್ಗೆ ಹಜಾರದ ನಟ್ಟನಡುವೆ ನಿಂತು ಕನ್ನಡಕದಂಗಡಿಯ ಯಜಮಾನರು ಘೋಷಣೆ ಹೊರಡಿಸಿಯೇಬಿಟ್ಟರು: "ಇನ್ನು ಮುಂದೆ ಈ ಮನೆಯಲ್ಲಿ ಹಾಡುಗಾರರ ಉಸಿರು ಕೂಡ ಕೇಳಿಸುತ್ತೆ!" ಬಟ್ಟೆ ಮಡಚುತ್ತಿದ್ದ ಹೆಂಡತಿ, ಯಾರದೋ ಉಸಿರು ಕಟ್ಕೊಂಡು ನಮಗೇನಾಗಬೇಕು ಎಂದರು. ಇಂಥ ಮಾತಿಗೆಲ್ಲ ಕುಗ್ಗುವ ಜೀವವೇ ಅದು? ತಮಗೆ ಐವತ್ತಾರಾದರೂ ತಮ್ಮ ಕಿವಿ ಮಾತ್ರ ಹದಿನಾರರಲ್ಲೇ ನಿಂತಿದೆ ಎಂದು ಹೋದಲ್ಲಿ ಬಂದಲ್ಲಿ ಕೊಚ್ಚಿಕೊಳ್ಳುವವರು ಅವರು.

ತಂದದ್ದು ಒಂದು ಡ್ಯಾಕ್. ಅಂದರೆ ಕಂಪ್ಯೂಟರಿನೊಳಗೆ ಬರೀ ಅಂಕಿಗಳಾಗಿ ಬಿದ್ದಿರುವ ಹಾಡನ್ನು ಮತ್ತೆ ಹಾಡಾಗಿಸಿ ಸ್ಪೀಕರಿಗೆ ಅಟ್ಟುವ ಡಬ್ಬಿ. ಹಳೆಯದೂ ಅದನ್ನೇ ಮಾಡುತ್ತಿತ್ತು, ಪಾಪ, ಚೆನ್ನಾಗಿಯೇ ಮಾಡುತ್ತಿತ್ತು. ಹೆಂಡತಿ ಒಂದು ಷರತ್ತು ಹಾಕಿದರು: ಮಾರಿದ ಅಂಗಡಿಯವರು ವಾರದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಮನೆಯವರಿಗೆಲ್ಲ ವ್ಯತ್ಯಾಸ ಕೇಳಿಸಬೇಕು, ಇಲ್ಲದಿದ್ದರೆ ಡಬ್ಬಿ ಬಂದ ದಾರಿ ಹಿಡಿಯಬೇಕು. ಯಜಮಾನರಿಗೆ ಚಿಂತೆ ಹತ್ತಿತು. ಡಬ್ಬಿ ಹೋದರೆ ಹೋಗಲಿ, ಹದಿನಾರರ ಕಿವಿಯ ಮಾನದ ಗತಿ ಏನು?

ಮೂವತ್ತು ವರ್ಷ ಜನರ ಮೂಗಿನ ಮೇಲೆ ಗಾಜು ಬದಲಿಸಿ, ಇದೋ ಅದೋ ಎಂದು ಕೇಳಿ ಪಳಗಿದವರು. ಪರೀಕ್ಷೆಯನ್ನೂ ಅದೇ ಕ್ರಮದಲ್ಲಿ ನಡೆಸಿದರು. ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಜೊತೆಗೇ ಇರುವ ಎಪ್ಪತ್ತನಾಲ್ಕರ ಅತ್ತೆ, ಮೂವರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದರು. ಒಮ್ಮೆ ಹಳೇ ಡಬ್ಬಿ, ಒಮ್ಮೆ ಹೊಸ ಡಬ್ಬಿ ಹಚ್ಚಿದರು.

"ಅದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತಾ?"

"ಗೊತ್ತಾಗುತ್ತೆ," ಎಂದರು ಮೂವರೂ ಒಟ್ಟಿಗೆ.

ಈಗ ಹಚ್ಚಿದ್ದು ಯಾವುದು ಎಂದು ಕೇಳುತ್ತ ಹತ್ತು ಸಲ ಅದಲುಬದಲು ಮಾಡಿದರು. ಹತ್ತಕ್ಕೆ ಹತ್ತೂ ಸರಿ! ಯಜಮಾನರು ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯತೊಡಗಿದರು. ತಮ್ಮ ಅಂಗಡಿಗೆ ಕಣ್ಣು ತೋರಿಸಲು ಬಂದವರಿಗೆಲ್ಲ ಕಿವಿಯ ಉಪನ್ಯಾಸ. ಚೌಕಟ್ಟು ಕೊಳ್ಳಲು ಬಂದವರೊಬ್ಬರು ಅರ್ಧ ಗಂಟೆ ಡ್ಯಾಕ್ ಪುರಾಣ ಕೇಳಿ, ಚೌಕಟ್ಟು ಮರೆತು ಮನೆಗೆ ಹೋದರು.

ಇತ್ತ ಮನೆಯಲ್ಲಿ ಡಬ್ಬಿ ಹಚ್ಚಿದ ಕೂಡಲೇ ಮಗಳಿಗೆ ಪಕ್ಕದ ಮನೆಯಲ್ಲಿ ಓದುವ ಹುಕಿ. ಅತ್ತೆಗೆ ಹಿಂದಿನ ಕೋಣೆಯಲ್ಲಿ ತುರ್ತು ಕೆಲಸ. ಹೆಂಡತಿಯಂತೂ ಕಣ್ಣೊರೆಸಿಕೊಂಡು ಎದ್ದೇ ಹೋಗುತ್ತಿದ್ದರು. ಸಂಗೀತಕ್ಕೆ ಮನಸ್ಸು ಕರಗಿ ನೀರಾಗಿದೆ ಎಂದುಕೊಂಡು ಯಜಮಾನರು ದನಿ ಇನ್ನಷ್ಟು ಏರಿಸುತ್ತಿದ್ದರು. ಆರನೇ ದಿನ ಹೆಂಡತಿಯ ಕಿವಿಯಲ್ಲಿ ಹತ್ತಿ ಕಂಡಿತು.

ಏನಿದು ಎಂದು ಕೇಳಿದ್ದಕ್ಕೆ ಅವರು, ಆ ಶಿಳ್ಳೆ ತಡೆಯೋಕಾಗ್ತಿಲ್ಲ ಎಂದರು. ಯಾವ ಶಿಳ್ಳೆ? ಡಬ್ಬಿ ಹಚ್ಚಿದಾಗಿನಿಂದ ಆರಿಸುವವರೆಗೆ ಕೀ ಅನ್ನುತ್ತಲ್ಲ, ಅದು.

"ಮತ್ತೆ ಅವತ್ತು ವ್ಯತ್ಯಾಸ ಗೊತ್ತಾಗುತ್ತೆ ಅಂದೆಯಲ್ಲೇ?"

"ಗೊತ್ತಾಗುತ್ತಾ ಅಂತ ಕೇಳಿದ್ರಿ, ಹೇಳಿದ್ವಿ. ಚೆನ್ನಾಗಿದೆಯಾ ಅಂತ ಕೇಳಲೇ ಇಲ್ಲ. ನಿಮ್ಮ ಮುಖದ ಸಂತೋಷ ನೋಡಿದ ಮೇಲೆ ನಮಗೂ ಹೇಳೋಕೆ ಬಾಯಿ ಬರಲಿಲ್ಲ ರೀ."

ಇದು ಮನೆಯವರೆಲ್ಲ ಸೇರಿ ಹೂಡಿದ ಸಂಚು ಎಂದೇ ಯಜಮಾನರ ತೀರ್ಮಾನ. ಡಬ್ಬಿಗೆ ಕಿವಿ ಹಚ್ಚಿದರು. ಅದರ ವೈರಿನ ತುದಿಯ ಅಡಾಪ್ಟರಿಗೂ ಹಚ್ಚಿದರು. ನೆಲದ ಮೇಲೆ ಅಂಗಾತ ಮಲಗಿ ಉಸಿರು ಬಿಗಿಹಿಡಿದರು. ಊಹೂಂ, ಏನೇನೂ ಇಲ್ಲ. ಕೊನೆಗೆ ಹಾಡೇ ಹಾಕದೆ, ಕಳ್ಳನ ಹಾಗೆ ಬಗ್ಗಿ, ಬರೀ ಸ್ವಿಚ್ಚನ್ನು ಒತ್ತಿದರು.

"ಈಗ ಹಚ್ಚಿದ್ರಿ," ಎಂದಿತು ಹಿಂದಿನ ಕೋಣೆಯಿಂದ ಅತ್ತೆಯ ದನಿ. ಸ್ವಿಚ್ಚು ಆರಿಸಿದರು. "ಈಗ ಆರಿಸಿದ್ರಿ."

ಯಜಮಾನರು ಹಾಗೇ ಸೋಫಾಗೆ ಒರಗಿದರು. ಹದಿನಾರು ಯಾವಾಗ ಎದ್ದು ಹೋಯಿತೋ, ಹೇಳಿಯೂ ಹೋಗಿರಲಿಲ್ಲ. ಹೆಂಡತಿ ಹತ್ತಿ ತೆಗೆದಿಟ್ಟು ಪಕ್ಕದಲ್ಲಿ ಕೂತರು, ನಗಲಿಲ್ಲ. ಮಗಳೇ ಡಬ್ಬಿ ಕೊಂಡ ಅಂಗಡಿಗೆ ಫೋನು ಮಾಡಿದಳು. ಕೆಲವು ಅಡಾಪ್ಟರುಗಳು ಹಾಗೆ ಶಿಳ್ಳೆ ಹಾಕುತ್ತವೆ, ಅಡಾಪ್ಟರ್ ಒಂದನ್ನೇ ಬದಲಾಯಿಸಿಕೊಡುತ್ತೇವೆ ಎಂದಳು ಅಲ್ಲಿನ ಹುಡುಗಿ. ಆದರೆ ನಮ್ಮ ರಿಪೇರಿಯವರಿಗೂ ವಯಸ್ಸಾಗಿದೆ, ಅವರಿಗೂ ಕೇಳಿಸಲ್ಲ, ಕೇಳಿಸುವವರನ್ನು ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದು ಸೇರಿಸಿದಳು.

ಮರುದಿನ ಹೆಂಡತಿಗೆ ಬಿಡುವಿಲ್ಲ, ಮಗಳಿಗೆ ಪರೀಕ್ಷೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡೀರಿ ಅಳಿಯಂದ್ರೇ, ನಾನಿದ್ದೀನಲ್ಲ."

ಅಂಗಡಿಯಲ್ಲಿ ಅತ್ತೆ ನಾಲ್ಕು ಅಡಾಪ್ಟರುಗಳನ್ನು ಮುಖ ಸಿಂಡರಿಸಿ ತಳ್ಳಿದರು, ಐದನೆಯದಕ್ಕೆ ತಲೆಯಾಡಿಸಿದರು. ರಿಪೇರಿಯ ಮುದುಕರು ಬೆರಗಾಗಿ ಕುರ್ಚಿ ಎಳೆದು ಕೂರಿಸಿದರು, ನೀರು ತಂದುಕೊಟ್ಟರು. ಗೂಡಿನಲ್ಲಿದ್ದ ಉಳಿದ ಹತ್ತು ಅಡಾಪ್ಟರುಗಳನ್ನೂ ಮುಂದೆ ಸುರಿದು, ದಯವಿಟ್ಟು ಇವನ್ನೂ ಒಂದಿಷ್ಟು ನೋಡಿಕೊಡಿ ಎಂದು ಬೇಡಿಕೊಂಡರು. ಯಜಮಾನರು ಕೈಚೀಲ ಅವುಚಿಕೊಂಡು ಗೋಡೆಗೆ ಒರಗಿ ನಿಂತೇ ಇದ್ದರು.

"ಅಮ್ಮಾ, ಇಂಥ ಕಿವಿ ನಾನು ಕಂಡಿಲ್ಲ. ಸಂಗೀತ ಕೇಳುವ ಯೋಗ್ಯತೆ ಇದ್ದರೆ ಅದು ನಿಮಗೆ," ಎಂದು ಕೈಮುಗಿದ ಮುದುಕರು ಆಮೇಲೆ ಈ ಕಡೆ ತಿರುಗಿದರು. "ತಾವು ಯಾರು ಗೊತ್ತಾಗಲಿಲ್ಲ?"

ಯಜಮಾನರು ಕೈಚೀಲ ಎತ್ತಿ ತೋರಿಸಿದರು.

"ನಾನು ಚೀಲ ಹಿಡ್ಕೊಂಡು ಬಂದವನು."