ಶುಕ್ರವಾರದ ಮಟ್ಟಿಗೆ ನನ್ನ ಬೆರಳುಗಳನ್ನು ಬಿಟ್ಟುಕೊಡಬೇಕೆಂದು ಕೋರಿ

ನನ್ನ ದೇಹದ ರೋಗನಿರೋಧಕ ಪಡೆಯ ದಂಡನಾಯಕರಿಗೆ,

ಮಾನ್ಯರೇ,

ಹಗಲಿರುಳೆನ್ನದೆ, ಒಂದು ದಿನವೂ ರಜೆ ಕೇಳದೆ ನನ್ನನ್ನು ಕಾಯುತ್ತಿರುವ ತಮಗೆ, ಕೈ ಜೋಡಿಸಲಾಗದ್ದಕ್ಕೆ ಕ್ಷಮೆ ಕೋರುತ್ತಾ, ತಲೆಬಾಗಿಸಿ ವಂದಿಸುತ್ತೇನೆ; ಕುತ್ತಿಗೆಯನ್ನು ತಾವಿನ್ನೂ ಮುಟ್ಟಿಲ್ಲ.

ನಾನು ಕೃತಕ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಮೇಣದ ಒಸಡಿನಲ್ಲಿ ಹಲ್ಲು ಕೂರಿಸುವವಳು. ಆರು ವರ್ಷಗಳ ಹಿಂದೆ ತಾವು ನನ್ನ ಬೆರಳ ಗೆಣ್ಣುಗಳನ್ನು ಶತ್ರುವಿನ ಠಾಣೆಗಳೆಂದು ತಿಳಿದು ಮುತ್ತಿಗೆ ಹಾಕಿದಿರಿ. ವೈದ್ಯರು ಅದಕ್ಕೆ ರುಮಟಾಯ್ಡ್ ಸಂಧಿವಾತವೆಂದು ಹೆಸರು ಹೇಳಿ, "ನಿಮ್ಮ ಕಾವಲಿನವ್ರೇ ನಿಮ್ಮನ್ನ ಹೊಡೀತಿದಾರಮ್ಮ, ನೀವು ಟೆನ್ಶನ್ ಮಾಡ್ಕೊಂಡಷ್ಟೂ ಅವ್ರಿಗೆ ಹುರುಪು" ಎಂದರು. ಅಂದಿನಿಂದ ನನಗೆ, ಎಲ್ಲಿ ಟೆನ್ಶನ್ ಆಗಿಬಿಡುತ್ತದೋ ಎಂಬ ಟೆನ್ಶನ್. ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು: ಕಳೆದ ತಿಂಗಳು ನಿಜವಾದ ನೆಗಡಿಯೊಂದು ಬಂದು ಹನ್ನೆರಡು ದಿನ ಮೂಗಿನಲ್ಲಿ ಬಿಡಾರ ಹೂಡಿದಾಗಲೂ ತಾವು ಅತ್ತ ತಿರುಗಿ ನೋಡದೆ ನನ್ನ ಬಲಗೈ ಹೆಬ್ಬೆರಳನ್ನೇ ಬಡಿಯುತ್ತಿದ್ದಿರಿ.

ಲ್ಯಾಬಿನ ಮಾಲೀಕರೂ ನೆರವಿಗೆ ಬಂದಿದ್ದಾರೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ, ಅಂದರೆ ನನ್ನ ಕೈಗಳು ಪ್ಲಾಸ್ಟರಿನ ಅಚ್ಚಿನಂತೆ ಸೆಟೆದಿರುವ ಹೊತ್ತಿಗೆ ಸರಿಯಾಗಿ, ಒತ್ತಡ ನಿವಾರಣೆಯ ಕಡ್ಡಾಯ ತರಗತಿ. "ಮುಷ್ಟಿ ಬಿಗಿ ಹಿಡೀರಿ, ಈಗ ಬಿಡಿ" ಎನ್ನುತ್ತಾರೆ ತರಬೇತುದಾರರು. "ಹಿಡಿಯೋಕೇ ಆಗದವ್ಳು ಏನನ್ನ ಬಿಡ್ತಾಳೆ ಸಾರ್?" ಎಂದು ಪಕ್ಕದ ಬೆಂಚಿನಲ್ಲಿ ಹಲ್ಲಿಗೆ ಹೊಳಪು ಕೊಡುವ 'ಪಾಲಿಶ್ ಅಕ್ಕ' ಕೇಳಿದ್ದಕ್ಕೆ, ಇಬ್ಬರ ಹೆಸರಿನ ಮುಂದೆಯೂ 'ಸಹಕರಿಸುತ್ತಿಲ್ಲ' ಎಂದು ಬರೆದುಕೊಂಡರು. ಆ ಅವಮಾನ ನೀಗಿಕೊಳ್ಳಲು, ಅವರೇ ಹಂಚಿದ್ದ ರಬ್ಬರ್ ಚೆಂಡನ್ನು ಮನೆಯಲ್ಲಿ ಕೂತು ನೂರು ಸಲ ಹಿಸುಕಿದೆ. ಶಾಂತಿಯೇನೂ ಸಿಗಲಿಲ್ಲ, ಗೆಣ್ಣುಗಳು ಮಾತ್ರ ಊದಿಕೊಂಡು ಚೆಂಡಿನೊಡನೆ ಪೈಪೋಟಿಗಿಳಿದವು.

ಈಗ ವಿಷಯಕ್ಕೆ ಬರುತ್ತೇನೆ. ಈ ಶುಕ್ರವಾರ ಮಾಲೀಕರು ಎದುರಿಗೇ ನಿಂತು, ನಾನು ಇಪ್ಪತ್ತೆಂಟು ಹಲ್ಲಿನ ಪೂರ್ತಿ ಸೆಟ್ಟು ಕೂರಿಸುವುದನ್ನು ನೋಡಲಿದ್ದಾರೆ. ಮಧ್ಯಾಹ್ನ ಒಂದರೊಳಗೆ ಮುಗಿಯದಿದ್ದರೆ ಸೋಮವಾರದಿಂದ ನಾನು ಡಬ್ಬಿಗಳಿಗೆ ಲೇಬಲ್ ಅಂಟಿಸುವವಳು. ಆದ್ದರಿಂದ ಅಂದು ಹತ್ತರಿಂದ ಒಂದರವರೆಗೆ ತಾವು ಸಪರಿವಾರ ಎಲ್ಲಿಗಾದರೂ ವಿಹಾರಕ್ಕೆ ತೆರಳಬೇಕಾಗಿ ವಿನಂತಿ. ಅಷ್ಟು ದೂರದ ಪ್ರಯಾಣ ಕಷ್ಟವಾದರೆ ಕಾಲ್ಬೆರಳುಗಳಿವೆ. ಅವುಗಳಿಂದ ನಾನು ಹಲ್ಲು ಕೂರಿಸುವುದಿಲ್ಲ. ನಾನು ನಾನೇ ಎಂಬುದಕ್ಕೆ ಗುರುತಿನ ಚೀಟಿಯ ದೃಢೀಕೃತ ನಕಲು ಲಗತ್ತಿಸಿದ್ದೇನೆ. ಭಾವಚಿತ್ರ ಹಳೆಯದು, ಆದರೆ ಒಳಗಿರುವವಳು ಅವಳೇ.

ತಮ್ಮ ವಿಶ್ವಾಸಿ
(ತಾವೂ ನನ್ನವರೇ ಎಂದು ನಂಬಲು ಯತ್ನಿಸುತ್ತಿರುವ),
ಹಲ್ಲು ಕೂರಿಸುವವಳು

ವಿ.ಸೂ.: ಶನಿವಾರ ಸೇರಿಸಿದ್ದು. ತಾವು ವಿಹಾರಕ್ಕೆ ಹೋಗಲಿಲ್ಲ. ಕೊನೆಯ ಹಲ್ಲು ಕೂತಾಗ ಗಂಟೆ ನಾಲ್ಕಾಗಿತ್ತು. ಮಾಲೀಕರು ಸೆಟ್ಟನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ತಪ್ಪು ಹುಡುಕಿ, ಸಿಗದೆ, "ಲೇಬಲ್ ಅಂಟಿಸೋಕೆ ಕೂರಿಸಿದ್ರೂ ಇಷ್ಟೇ ಹೊತ್ತು ಮಾಡ್ತೀರಿ, ಇಲ್ಲೇ ಇರಿ" ಎಂದರು. ನಾನು ಕೂರಿಸಿದ ಹಲ್ಲುಗಳು ಗುರುತು ಪರಿಚಯವಿಲ್ಲದ ಬಾಯಿಗೆ ಎರಡು ತಿಂಗಳೊಳಗೆ ಹೊಂದಿಕೊಂಡುಬಿಡುತ್ತವೆ. ತಾವು ನನ್ನೊಳಗಿದ್ದು ನಲವತ್ತೇಳು ವರ್ಷವಾಯಿತು.